ವಿಧಿಗಿಂತ ಮಿಗಿಲು ವರಪ್ರಸಾದ

1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡಾಗ ಮೈಸೂರು ಸೀಮೆಯ ಕ್ರೈಸ್ತರು ಚದುರಿಹೋಗಿದ್ದರು. ಬಲವಂತಕ್ಕೆ ಸಿಲುಕಿ ವಿಶ್ವಾಸ ತೊರೆದವರೂ ಅವರಲ್ಲಿದ್ದರು. ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಅವರನ್ನು ಮರಳಿ ಶ್ರೀಸಭೆಯ ಮಡಿಲಿಗೆ ಕರೆತಂದರು. ನಮ್ಮ ಮಾದಿಹಳ್ಳಿಯಿರುವ ಈ ಹಾಸನ ಸೀಮೆಯಲ್ಲಿಯೇ, ಸಾತಳ್ಳಿಯಲ್ಲಿ, ಬೇಸಾಯದ ನೆಲೆ ಕಲ್ಪಿಸಿದರು. 1803-04ರಲ್ಲಿ ಅವರ ಪ್ರಯತ್ನದಿಂದ 25,000ಕ್ಕೂ ಮಿಕ್ಕಿದ ಜನರಿಗೆ ಸಿಡುಬಿನ ಲಸಿಕೆ ದೊರೆಯಿತು. ಜನ ಅವರನ್ನು ‘ದೊಡ್ಡಸ್ವಾಮಿಯವರು’ ಎಂದು ಕರೆದರು.

ಬಿದ್ದವರ ತಪ್ಪನ್ನು ಎಣಿಸುತ್ತ ಕೂರುವುದು ಸುಲಭ. ಕಟ್ಟಳೆಯ ನೆಪದಲ್ಲಿ, ಬಾಗಿಲಿಗೆ ಬಂದವರನ್ನು ನಾವೂ ಬರಿಗೈಯಲ್ಲಿ ಕಳುಹಿಸಿದ್ದುಂಟು. ಅವರಲ್ಲಿ ಕೆಲವರು ಮತ್ತೆ ಬರಲಿಲ್ಲ. ವಿಧಿ ಬೇಲಿಯಷ್ಟೆ, ಬೆಳೆಯಲ್ಲ. ಪೋಲಿಹೋದ ಮಗನ ಲೆಕ್ಕ ಕೇಳದೆ ಓಡಿಬಂದು ಅಪ್ಪಿದ ತಂದೆಯೇ ನಮ್ಮ ದೇವರು. ಶತಮಾನದ ಈ ದೇವಾಲಯದ ಬಾಗಿಲು ಅವರಿಗಾಗಿ ತೆರೆದೇ ಇರಲಿ.