ಚಿನ್ನಕ್ಕಿಂತ ಬಟ್ಟೆ ದೊಡ್ಡದಾಗಿದ್ದ ನಾಡು

ಅಮೆರಿಕ ಖಂಡಗಳ ಪ್ರಾಚೀನ ನಾಗರಿಕತೆಗಳ ಪಾಠ ನಮ್ಮ ಶಾಲೆಗಳಲ್ಲಿ ಬಹಳ ಬೇಗ ಮುಗಿದುಹೋಗುತ್ತದೆ. ಮಾಯಾ, ಅಜ್ಟೆಕ್, ಇಂಕಾ ಎಂಬ ಮೂರು ಹೆಸರು, ಮೆಟ್ಟಿಲು ಮೆಟ್ಟಿಲಾದ ಒಂದು ಗುಡಿಯ ಚಿತ್ರ, ಅಲ್ಲಿ ಬೇಕಾದಷ್ಟು ಚಿನ್ನವಿತ್ತೆಂಬ ಒಂದು ಸಾಲು, ಆಮೇಲೆ ಸ್ಪೇನಿನವರು ಬಂದರೆಂಬ ಇನ್ನೊಂದು ಸಾಲು. ಆ ಜನ ಏನನ್ನು ಉಡುತ್ತಿದ್ದರು, ಅದನ್ನು ನೇಯ್ದವರು ಯಾರು ಎಂದು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ. ಪೆರು ದೇಶದ ಹಿಂದಿನ ಜನರನ್ನೇ ಕೇಳಿದ್ದರೆ, ತಮ್ಮ ಕಲೆಗಳಲ್ಲಿ ಮೊದಲ ಮಣೆ ಬಟ್ಟೆಗೇ ಎನ್ನುತ್ತಿದ್ದರೇನೋ.

1532ರಲ್ಲಿ ಪಿಸಾರೋ ಎಂಬ ಸ್ಪೇನಿನ ದಂಡನಾಯಕ ಇಂಕಾ ದೊರೆ ಅತಾಹುವಾಲ್ಪನನ್ನು ಸೆರೆಹಿಡಿದ. ಬಿಡುಗಡೆಗಾಗಿ ದೊರೆ ಒಂದು ಕೋಣೆಯ ತುಂಬ ಚಿನ್ನವನ್ನೂ ಅದರ ಎರಡರಷ್ಟು ಬೆಳ್ಳಿಯನ್ನೂ ಕೊಡುವೆನೆಂದ. ನಾಡಿನ ಮೂಲೆಮೂಲೆಗಳಿಂದ ಪಾತ್ರೆ, ಆಭರಣ, ಗುಡಿಯ ಗೋಡೆಗೆ ಹೊದಿಸಿದ್ದ ತಗಡುಗಳು ಬಂದವು. ಸ್ಪೇನಿನವರು ಅವನ್ನೆಲ್ಲ ಕರಗಿಸಿ ಗಟ್ಟಿ ಮಾಡಿ ಹಂಚಿಕೊಂಡರು. 1533ರಲ್ಲಿ ದೊರೆಯನ್ನೂ ಕೊಂದರು. ಎಷ್ಟು ತಲೆಮಾರಿನ ಅಕ್ಕಸಾಲಿಗರ ಕೆಲಸವೋ, ಕುಲುಮೆಯ ಬಾಯಿಗೆ ಹೋಯಿತು.

ಆದರೆ ಅದೇ ನಾಡಿನಲ್ಲಿ ಅರಸನ ಉಗ್ರಾಣಗಳ ತುಂಬ ಬಟ್ಟೆಯಿತ್ತು. ಅದನ್ನು ಕಂಡು ಬೆರಗಾದೆವೆಂದು ಸ್ಪೇನಿನವರೇ ಬರೆದಿಟ್ಟಿದ್ದಾರೆ. ಇಂಕಾ ದೊರೆ ಸೈನಿಕರಿಗೆ ಕೊಡುತ್ತಿದ್ದ ಬಹುಮಾನ ಬಟ್ಟೆ. ಸೋತ ನಾಯಕರನ್ನು ಒಲಿಸಿಕೊಳ್ಳಲು ಕೊಡುತ್ತಿದ್ದ ಉಡುಗೊರೆ ಬಟ್ಟೆ. ದೇವರಿಗೆ ಸುಟ್ಟು ಅರ್ಪಿಸುತ್ತಿದ್ದದ್ದೂ ಬಟ್ಟೆ. ಸೈನ್ಯ ಹಿಂದೆ ಸರಿಯುವಾಗ ಶತ್ರುವಿನ ಕೈಗೆ ಸಿಗಬಾರದೆಂದು ಬಟ್ಟೆಯ ಉಗ್ರಾಣಗಳಿಗೆ ಬೆಂಕಿ ಇಡುತ್ತಿದ್ದರು. ಅಲ್ಲಿ ಬಟ್ಟೆಯೇ ಖಜಾನೆ.

ಈ ಕಸುಬಿನ ಬೇರು ಇಂಕಾಗಳಿಗಿಂತ ಬಹಳ ಹಿಂದಿನದು. ಪೆರುವಿನ ಉತ್ತರ ಕರಾವಳಿಯ ವಾಕಾ ಪ್ರಿಯೆಟಾ ಎಂಬ ದಿಬ್ಬದಲ್ಲಿ ಸಿಕ್ಕ ಹತ್ತಿಬಟ್ಟೆಯ ಚೂರುಗಳಲ್ಲಿ ನೀಲಿಯ ಬಣ್ಣ ಹಿಡಿದಿರುವುದನ್ನು 2016ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅದು ಸುಮಾರು 6,000 ವರ್ಷ ಹಿಂದಿನದು. ಸಮುದ್ರದ ಈಚೆ ನಮ್ಮ ಉಪಖಂಡದವರು ತಮ್ಮದೊಂದು ಜಾತಿಯ ಹತ್ತಿಯನ್ನು ಬೆಳೆಸಿಕೊಂಡರು, ಆಚೆ ಅವರು ತಮ್ಮದೊಂದನ್ನು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಆದರೂ ಇಬ್ಬರೂ ನೂಲು ತೆಗೆದರು, ಇಬ್ಬರೂ ನೀಲಿಯನ್ನು ಕಂಡುಕೊಂಡರು.

ಅವರ ಮಗ್ಗವಾದರೋ ತೀರ ಸರಳ. ಎರಡು ಕೋಲುಗಳ ನಡುವೆ ಹಾಸಿನ ಎಳೆ. ಒಂದು ಕೋಲನ್ನು ಕಂಬಕ್ಕೆ ಕಟ್ಟಿ, ಇನ್ನೊಂದನ್ನು ಪಟ್ಟಿಯಿಂದ ಸೊಂಟಕ್ಕೆ ಬಿಗಿದುಕೊಂಡು ನೆಲದ ಮೇಲೆ ಕೂರುವುದು. ಮೈ ಹಿಂದಕ್ಕೆ ವಾಲಿದರೆ ಎಳೆ ಬಿಗಿಯುತ್ತದೆ, ಮುಂದಕ್ಕೆ ಬಾಗಿದರೆ ಸಡಿಲವಾಗುತ್ತದೆ. ನೇಯುವವರ ಮೈಯೇ ಮಗ್ಗದ ಒಂದು ಭಾಗ. ನಮ್ಮ ಸೀರೆಗೆ ಎರಡು ಕಡೆ ಅಂಚು. ಉಳಿದೆರಡು ಕಡೆ ಮಗ್ಗದಿಂದ ಕತ್ತರಿಸಿದ್ದು, ಅದಕ್ಕೇ ಸೆರಗಿನ ತುದಿಗೆ ಕುಚ್ಚು ಕಟ್ಟುತ್ತೇವೆ. ಅವರ ಬಟ್ಟೆಗೆ ನಾಲ್ಕು ಕಡೆಯೂ ಅಂಚು. ಬೇಕಾದ ಅಳತೆಗೇ ಹಾಸು ಹಾಕಿ ಕೊನೆಯ ಎಳೆಯವರೆಗೂ ನೇಯುತ್ತಿದ್ದರು, ಕತ್ತರಿ ತಾಗಿಸುತ್ತಿರಲಿಲ್ಲ. ಆ ಕಡೆಯ ನಾಲ್ಕು ಬೆರಳಷ್ಟು ಜಾಗದಲ್ಲಿ ಹೊಕ್ಕು ತೂರಿಸುವುದು ಎಷ್ಟು ತಾಳ್ಮೆಯ ಕೆಲಸವೆಂದು ಕೈಗೆಲಸ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ.

ಈ ಕಲೆಯ ದೊಡ್ಡ ನಿಧಿ ಸಿಕ್ಕಿದ್ದು ಪರಾಕಾಸ್ ಎಂಬ ಮರಳುಗಾಡಿನ ಕರಾವಳಿಯಲ್ಲಿ. 1927ರಲ್ಲಿ ಪೆರುವಿನ ಪುರಾತತ್ವಜ್ಞ ಹೂಲಿಯೋ ಟೆಯೋ ಅವರ ತಂಡ ಅಲ್ಲಿ 429 ಶವದ ಗಂಟುಗಳನ್ನು ಹೊರತೆಗೆಯಿತು. ಟೆಯೋ ಅದೇ ನೆಲದ ಮೂಲನಿವಾಸಿಗಳ ಮನೆಯಲ್ಲಿ ಹುಟ್ಟಿದವರು. ಸುಮಾರು 2,000 ವರ್ಷದ ಹಿಂದೆ ಸತ್ತವರನ್ನು ಮಂಡಿ ಮಡಿಸಿ ಕೂರಿಸಿ, ಪದರ ಪದರವಾಗಿ ಬಟ್ಟೆ ಸುತ್ತಿದ್ದರು. ಮಳೆಯೆಂಬುದೇ ಇಲ್ಲದ ಆ ಮರಳಿನಲ್ಲಿ ಬಣ್ಣ ಕೂಡ ಮಾಸಿರಲಿಲ್ಲ. ಎರಡೂವರೆ ಮೀಟರಿನಷ್ಟು ಉದ್ದದ ಶಾಲುಗಳ ಮೇಲೆ ಹಾರುವ ಮನುಷ್ಯರು, ಹಕ್ಕಿಗಳು, ಬೆಕ್ಕಿನ ಮುಖದ ಜೀವಿಗಳು. ಆಕೃತಿ ಒಂದೇ, ಸಾಲಿನಿಂದ ಸಾಲಿಗೆ ಬಣ್ಣದ ಜೋಡಣೆ ಮಾತ್ರ ಬೇರೆ. ಕಸೂತಿಯ ಉಣ್ಣೆ ಬೆಟ್ಟದ ಮೇಲಿನ ಲಾಮಾ, ಅಲ್ಪಾಕಾ ಪ್ರಾಣಿಗಳದ್ದು. ಹೊಲಿಗೆ ನಾವು ದಿಂಬಿನ ಚೀಲದ ಮೇಲೆ ಹೂವಿನ ಕಾಂಡಕ್ಕೆ ಹಾಕುವ ಸ್ಟೆಮ್ ಸ್ಟಿಚ್ಚೇ; ಅವರು ಅದರಿಂದಲೇ ಇಡೀ ಶಾಲು ತುಂಬಿದರು.

ಆಂಡಿಸ್ ಬೆಟ್ಟಗಳ ನಾಡಿನ ಪ್ರಸಿದ್ಧ ಕೆಂಪು ಬಣ್ಣ ಬರುವುದು ಪಾಪಾಸುಕಳ್ಳಿಯ ಮೇಲೆ ಬದುಕುವ ಒಂದು ಪುಟ್ಟ ಹುಳುವಿನಿಂದ. ಅದನ್ನು ಒಣಗಿಸಿ ಅರೆಯುತ್ತಾರೆ. ಬಣ್ಣ ಕೊಡುವುದು ಹೆಣ್ಣು ಹುಳು. ನಮ್ಮ ಊರುಗಳ ಬೇಲಿಯ ಪಾಪಾಸುಕಳ್ಳಿಯೂ ಅಮೆರಿಕದಿಂದ ಬಂದದ್ದೇ.

ಈ ಶಾಲುಗಳ ಮೇಲೆ ಯಾರ ಹೆಸರೂ ಇಲ್ಲ. ಆದರೆ ಹೊಲಿಗೆಗಳನ್ನು ಭೂತಗನ್ನಡಿ ಹಿಡಿದು ಪರೀಕ್ಷಿಸಿದ ಸಂಶೋಧಕಿಯರು ಒಂದೇ ಶಾಲಿನಲ್ಲಿ ಹಲವು ಕೈಗಳನ್ನು ಗುರುತಿಸಿದ್ದಾರೆ. ಒಂದು ಕೈ ಪಳಗಿದ್ದು, ಇನ್ನೊಂದು ಇನ್ನೂ ಕಲಿಯುತ್ತಿದ್ದುದು. ಕೆಲವು ಶಾಲುಗಳ ಕಸೂತಿ ಅರ್ಧಕ್ಕೇ ನಿಂತಿದೆ, ಸಾವು ಕಾಯಲಿಲ್ಲವೇನೋ. ಅತಿ ದೊಡ್ಡ ಗಂಟುಗಳಲ್ಲಿದ್ದವರು ಬಹುಪಾಲು ವಯಸ್ಸಾದ ಗಂಡಸರು. ಪೆರು ಕರಾವಳಿಯ ಹೆಂಗಸರ ಗೋರಿಗಳಲ್ಲಿ ಕದಿರು ಮತ್ತು ನೂಲು ತುಂಬಿದ ಪುಟ್ಟ ಬುಟ್ಟಿಗಳು ಸಿಕ್ಕಿವೆ. ಸತ್ತ ಮೇಲೂ ಅವರಿಗೆ ಬಿಡುವಿರಲಿಲ್ಲವೋ, ಅಥವಾ ಅದನ್ನು ಬಿಟ್ಟು ಹೋಗಲು ಅವರಿಗೇ ಮನಸ್ಸಿರಲಿಲ್ಲವೋ?

ಎಲ್ಲವನ್ನೂ ಹೊಗಳಿ ಮುಗಿಸುವುದು ಸರಿಯಲ್ಲ. ಇಂಕಾಗಳ ಕಾಲದಲ್ಲಿ ಊರೂರಿನಿಂದ ಚಿಕ್ಕ ಹುಡುಗಿಯರನ್ನು ಆರಿಸಿ ಅಕ್ಲಾವಾಸಿ ಎಂಬ ಮನೆಗಳಲ್ಲಿ ಇರಿಸುತ್ತಿದ್ದರು. ದೊರೆ ಉಡುವ ಅತಿ ನವುರಾದ ಬಟ್ಟೆ ನೇಯುವುದು ಅವರ ಕೆಲಸ. ಮುಂದೆ ಕೆಲವರನ್ನು ದೊರೆ ತನಗೆ ಬೇಕಾದ ಸರದಾರರಿಗೆ ಹೆಂಡತಿಯರಾಗಿ ಕೊಡುತ್ತಿದ್ದ. ಕೆಲವರು ಬಲಿಯೂ ಆದರು. ಕೈಯ ಕೆಲಸಕ್ಕೆ ಅಷ್ಟು ಬೆಲೆ. ಆ ಕೈಯ ಒಡತಿಯ ಇಷ್ಟವನ್ನು ಕೇಳಿದವರಿಲ್ಲ. ಕಲೆಯ ಚರಿತ್ರೆ ಓದುವಾಗ ಈ ಎರಡನ್ನೂ ಒಟ್ಟಿಗೇ ನೆನಪಿಡಬೇಕು.

ಪರಾಕಾಸ್ ಬಟ್ಟೆಗಳಿಗೂ ಕಳ್ಳರು ತಪ್ಪಲಿಲ್ಲ. 1930ರ ದಶಕದಲ್ಲಿ ಗೋರಿಗಳನ್ನು ಅಗೆದು ಹೊರದೇಶಗಳಿಗೆ ಸಾಗಿಸಿದರು. ಸ್ವೀಡನ್ನಿನ ಗೋಥೆನ್‌ಬರ್ಗ್ ನಗರಕ್ಕೆ ಹೋದ ಬಟ್ಟೆಗಳಲ್ಲಿ ಮೊದಲ ನಾಲ್ಕು 2014ರಲ್ಲಿ ಪೆರುವಿಗೆ ಮರಳಿದವು. ಅವುಗಳಲ್ಲೊಂದು ಶಾಲು ಕೇವಲ ಒಂದು ಮೀಟರ್ ಉದ್ದದ್ದು. ಅದರಲ್ಲಿ ಸುಮಾರು 80 ಬಗೆಯ ಬಣ್ಣದ ಛಾಯೆಗಳಿವೆ.

ನಮ್ಮಲ್ಲಿ ಕಲ್ಲಿನಲ್ಲಿ ಕೆತ್ತಿದ್ದು ಶಿಲ್ಪ, ಗೋಡೆಯ ಮೇಲೆ ಬರೆದದ್ದು ಚಿತ್ರ; ಮನೆಯ ಹೆಣ್ಣುಮಗಳು ಮಧ್ಯಾಹ್ನ ಕೂತು ಹಾಕಿದ ಕಸೂತಿ ಮಾತ್ರ ‘ಹೊತ್ತು ಹೋಗದ್ದಕ್ಕೆ’ ಮಾಡಿದ್ದು. ಬಟ್ಟೆಯನ್ನೇ ಸಂಪತ್ತೆಂದು ಎಣಿಸಿದ ಒಂದು ನಾಡು ಇತ್ತೆಂದು ತಿಳಿದ ಮೇಲೆ ಆ ಮಾತು ಆಡುವುದು ಸುಲಭವಲ್ಲ. ಟ್ರಂಕಿನ ತಳದಲ್ಲಿ ಅಜ್ಜಿ ಹಾಕಿದ ಕಸೂತಿಯ ಕುಬಸವೋ ಕೌದಿಯೋ ಇದ್ದರೆ, ಅದನ್ನು ಹಾಕಿದವರ ಹೆಸರನ್ನೂ ಊರನ್ನೂ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಪರಾಕಾಸಿನ ಹೆಂಗಸರಿಗೆ ಅಕ್ಷರವಿರಲಿಲ್ಲ, ನಮಗಿದೆ.