4ನೇ ಸ್ಥಾನದ ಸೀಟು ಯಾರದ್ದು? ಯುರೋಪಿನ ಕ್ಲಬ್ ಫುಟ್‌ಬಾಲ್‌ನ ಅರ್ಹತಾ ನಿಯಮಗಳ ಕಥೆ

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿರೋರಿಗೂ, ಮನೇಲಿ ಪಾತ್ರೆ ತೊಳೀತಾ ಕೇಳ್ತಿರೋರಿಗೂ ಸ್ವಾಗತ. ಇವತ್ತು ಗೋಲ್ ಬಗ್ಗೆ ಮಾತು ಕಡಿಮೆ, ನಿಯಮದ ಬಗ್ಗೆ ಜಾಸ್ತಿ. ಬೋರ್ ಅಂತ ಸ್ಕಿಪ್ ಮಾಡ್ಬೇಡಿ. ಈ ಕಥೆಯಲ್ಲಿ ಅಳು ಇದೆ, ದುಡ್ಡಿದೆ, ಸ್ವಲ್ಪ ಮೋಸದ ವಾಸನೆಯೂ ಇದೆ.

2012ರ ಮೇ 19. ನಾನಿನ್ನೂ ಹೈಸ್ಕೂಲ್ ಹುಡುಗ, ಬೇಸಿಗೆ ರಜೆಗೆ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಮಧ್ಯರಾತ್ರಿ ದಾಟಿದ ಮೇಲೆ ಚಾಂಪಿಯನ್ಸ್ ಲೀಗ್ ಫೈನಲ್ ಶುರುವಾಯ್ತು. ಮ್ಯೂನಿಕ್‌ನಲ್ಲಿ ಚೆಲ್ಸಿ ಮತ್ತು ಬಯರ್ನ್. ನಮ್ಮಣ್ಣ, ಅಂದ್ರೆ ದೊಡ್ಡಪ್ಪನ ಮಗ, ಟಾಟೆನ್‌ಹ್ಯಾಮ್ ಅಭಿಮಾನಿ. ಆದರೆ ಬಯರ್ನ್ ಗೆಲ್ಲಲಿ ಅಂತ ಅವನು ಕೈಮುಗಿದು ಕೂತಿದ್ದ. 83ನೇ ನಿಮಿಷದಲ್ಲಿ ಮ್ಯುಲ್ಲರ್ ಗೋಲ್ ಹೊಡೆದಾಗ ಅವನು ಕೂಗಿದ ಕೂಗಿಗೆ ದೊಡ್ಡಮ್ಮ ಎದ್ದು ಬಂದು ಬೈದು ಹೋದ್ರು. 88ನೇ ನಿಮಿಷದಲ್ಲಿ ದ್ರೋಗ್ಬಾ ಹೆಡರ್. ಆಮೇಲೆ ಪೆನಾಲ್ಟಿ, ಕೊನೆಯ ಕಿಕ್ಕೂ ದ್ರೋಗ್ಬಾದೇ. ಚೆಲ್ಸಿ ಚಾಂಪಿಯನ್. ಅಣ್ಣ ಏನೂ ಮಾತಾಡದೆ ಟಿವಿ ಆಫ್ ಮಾಡಿದ.

"ನಿನ್ ಟೀಮ್ ಆಡೇ ಇಲ್ವಲ್ಲೋ ಅಣ್ಣ" ಅಂದೆ. "ಆಡದೇನೇ ಸೋತ್ವಿ ಕಣೋ" ಅಂದ.

ಅವನ ಮಾತು ನನಗೆ ಅರ್ಥವಾಗಿದ್ದು ಮಾರನೇ ದಿನ. ಆ ವರ್ಷ ಪ್ರೀಮಿಯರ್ ಲೀಗ್‌ನಲ್ಲಿ ಟಾಟೆನ್‌ಹ್ಯಾಮ್ 69 ಅಂಕ ತಗೊಂಡು 4ನೇ ಸ್ಥಾನಕ್ಕೆ ಬಂದಿತ್ತು. 4ನೇ ಸ್ಥಾನ ಅಂದ್ರೆ ಚಾಂಪಿಯನ್ಸ್ ಲೀಗ್ ಸೀಟು. ಚೆಲ್ಸಿ 64 ಅಂಕದೊಂದಿಗೆ 6ನೇ ಸ್ಥಾನ. ಆದರೆ ಕಪ್ ಗೆದ್ದವರಿಗೆ ಮುಂದಿನ ವರ್ಷ ಸೀಟು ಖಾತ್ರಿ, ಮತ್ತು ಒಂದು ದೇಶಕ್ಕೆ ಗರಿಷ್ಠ 4 ಸೀಟು. ಹಾಗಾಗಿ ಚೆಲ್ಸಿ ಒಳಗೆ, ಟಾಟೆನ್‌ಹ್ಯಾಮ್ ಹೊರಗೆ, ಅಂದ್ರೆ ಯೂರೋಪಾ ಲೀಗ್‌ಗೆ.

ಇದು ನ್ಯಾಯಾನಾ? ಅವತ್ತಿಂದ ಈ ಪ್ರಶ್ನೆ ನನ್ನ ತಲೆ ಬಿಟ್ಟು ಹೋಗಿಲ್ಲ. ಉತ್ತರಕ್ಕೆ ಮೊದಲಿನಿಂದ ಶುರು ಮಾಡೋಣ.

1955. ಪ್ಯಾರಿಸ್‌ನ 'ಲೆಕಿಪ್' ಪತ್ರಿಕೆಯ ಗೇಬ್ರಿಯಲ್ ಹಾನೊ ಅವರ ಯೋಚನೆಯಿಂದ ಯುರೋಪಿಯನ್ ಕಪ್ ಹುಟ್ಟಿತು. ಮೊದಲ ವರ್ಷ 16 ಟೀಮ್. ಎಲ್ಲರೂ ತಮ್ಮ ದೇಶದ ಚಾಂಪಿಯನ್ನರೇನೂ ಅಲ್ಲ, ಆಹ್ವಾನ ಬಂದವರು ಅಷ್ಟೇ. ಸ್ಕಾಟ್ಲೆಂಡ್ ಚಾಂಪಿಯನ್ ಆಗಿದ್ದು ಅಬರ್ಡೀನ್, ಹೋಗಿದ್ದು 5ನೇ ಸ್ಥಾನದ ಹಿಬರ್ನಿಯನ್. ಅವರು ಸೆಮಿಫೈನಲ್‌ವರೆಗೂ ಹೋದರು! ಇಂಗ್ಲೆಂಡ್ ಚಾಂಪಿಯನ್ ಚೆಲ್ಸಿಗೆ ಅಲ್ಲಿನ ಫುಟ್‌ಬಾಲ್ ಲೀಗ್ 'ಬೇಡ' ಅಂತ ಒತ್ತಡ ಹಾಕಿತು. ಆ ಜಾಗಕ್ಕೆ ಪೋಲೆಂಡಿನ ಗ್ವಾರ್ಡಿಯಾ ವಾರ್ಸಾ ಬಂತು.

ಮರುವರ್ಷದಿಂದ ನಿಯಮ ಸರಳ: ಪ್ರತಿ ದೇಶದ ಚಾಂಪಿಯನ್, ಜೊತೆಗೆ ಹಾಲಿ ಕಪ್ ವಿಜೇತರು. ಯಾರ ಸೀಟನ್ನೂ ಯಾರೂ ಕಿತ್ಕೊಳ್ಳಲ್ಲ. 1968ರಲ್ಲಿ ಕಪ್ ಗೆದ್ದಿದ್ದು ಮ್ಯಾಂಚೆಸ್ಟರ್ ಯುನೈಟೆಡ್, ಲೀಗ್ ಗೆದ್ದಿದ್ದು ಮ್ಯಾಂಚೆಸ್ಟರ್ ಸಿಟಿ. ಮುಂದಿನ ವರ್ಷ ಇಬ್ಬರೂ ಆಡಿದರು.

ಆದರೆ ಅದೇ ಕಾಲದಲ್ಲಿ ಇಂಟರ್-ಸಿಟೀಸ್ ಫೇರ್ಸ್ ಕಪ್ ಅಂತ ಇನ್ನೊಂದು ಟೂರ್ನಿ ಇತ್ತು. ವ್ಯಾಪಾರ ಮೇಳ ನಡೆಸೋ ನಗರಗಳ ಹೆಸರಲ್ಲಿ ಹುಟ್ಟಿದ ಟೂರ್ನಿ ಅದು, ಒಂದು ನಗರಕ್ಕೆ ಒಂದೇ ಕ್ಲಬ್. 1967-68ರಲ್ಲಿ ಲಿವರ್‌ಪೂಲ್ ನಗರದಿಂದ ಲಿವರ್‌ಪೂಲ್ ಹೋಯ್ತು, ಹಾಗಾಗಿ 5ನೇ ಸ್ಥಾನದ ಎವರ್ಟನ್ ಔಟ್. ಲಂಡನ್‌ನಿಂದ ಚೆಲ್ಸಿ ಹೋಯ್ತು, ಹಾಗಾಗಿ 7ನೇ ಸ್ಥಾನದ ಟಾಟೆನ್‌ಹ್ಯಾಮ್, 9ನೇ ಸ್ಥಾನದ ಆರ್ಸೆನಲ್ ಔಟ್. ಕೊನೆಗೆ ಅವಕಾಶ ಸಿಕ್ಕಿದ್ದು 10ನೇ ಸ್ಥಾನದ ನ್ಯೂಕ್ಯಾಸಲ್‌ಗೆ. 1969ರಲ್ಲಿ ಅವರು ಆ ಕಪ್ಪನ್ನೇ ಗೆದ್ದುಬಿಟ್ಟರು! ಹಾಗಾದ್ರೆ ಅವರು ಅನರ್ಹರಾ? ಹೇಳೋದು ಕಷ್ಟ ಅಲ್ವಾ?

ಈಗ ದುಡ್ಡಿನ ವಿಷಯಕ್ಕೆ ಬರೋಣ. 1987ರಲ್ಲಿ ಮೊದಲ ಸುತ್ತಿನಲ್ಲೇ ರಿಯಲ್ ಮ್ಯಾಡ್ರಿಡ್ ಎದುರು ಮರಡೋನಾ ಅವರ ನಾಪೋಲಿ ಬಂತು. ಇಟಲಿ ಚಾಂಪಿಯನ್ ಎರಡೇ ಪಂದ್ಯಕ್ಕೆ ಮನೆಗೆ. ಟಿವಿ ಹಕ್ಕಿನ ಲೆಕ್ಕ ಹಾಕೋರಿಗೆ ಇದು ದೊಡ್ಡ ನಷ್ಟ. ದೊಡ್ಡ ಕ್ಲಬ್‌ಗಳು ಹೆಚ್ಚು ಪಂದ್ಯ, ಹೆಚ್ಚು ಖಾತ್ರಿ ಕೇಳಿದವು. 1991ರಲ್ಲಿ ಗುಂಪು ಹಂತ ಬಂತು, 1992ರಲ್ಲಿ ಚಾಂಪಿಯನ್ಸ್ ಲೀಗ್ ಅನ್ನೋ ಹೆಸರು ಬಂತು. 1994ರಲ್ಲಿ ಸಣ್ಣ ದೇಶಗಳ ಚಾಂಪಿಯನ್ನರನ್ನು ಯುಇಎಫ್‌ಎ ಕಪ್‌ಗೆ ಕಳಿಸಿದರು. 1997ರಲ್ಲಿ ದೊಡ್ಡ ದೇಶಗಳ ರನ್ನರ್ ಅಪ್‌ಗಳಿಗೂ ಬಾಗಿಲು ತೆರೆಯಿತು. 1998ರಲ್ಲಿ ಮೀಡಿಯಾ ಪಾರ್ಟ್ನರ್ಸ್ ಅನ್ನೋ ಕಂಪನಿ ಪ್ರತ್ಯೇಕ ಸೂಪರ್ ಲೀಗ್ ಯೋಜನೆ ಹಿಡ್ಕೊಂಡು ಬಂದಾಗ ಯುಇಎಫ್‌ಎ ಇನ್ನೂ ಬಗ್ಗಿತು. 1999ರಿಂದ ಒಂದು ದೇಶಕ್ಕೆ 4 ಸೀಟಿನವರೆಗೂ ಸಿಕ್ಕಿತು.

ಜಗಳ ಹುಟ್ಟಿದ್ದೂ ಇಲ್ಲೇ. 4 ಅಂತ ಮಿತಿ ಹಾಕಿದ ಮೇಲೆ, ಕಪ್ ಗೆದ್ದವರು 5ನೇ ಸ್ಥಾನದಲ್ಲಿದ್ರೆ ಏನ್ ಮಾಡೋದು?

2000ದಲ್ಲಿ ಸ್ಪೇನ್‌ನಲ್ಲಿ ಅದೇ ಆಯ್ತು. ಕಪ್ ಗೆದ್ದ ರಿಯಲ್ ಮ್ಯಾಡ್ರಿಡ್ ಲೀಗ್‌ನಲ್ಲಿ 5ನೇ ಸ್ಥಾನ, ರಿಯಲ್ ಸರಗೋಸ 4ನೇ ಸ್ಥಾನ. ಸ್ಪೇನ್ ಮಂಡಳಿ ಮ್ಯಾಡ್ರಿಡ್ ಹೆಸರು ಕಳಿಸಿತು. ಸರಗೋಸ ಯುಇಎಫ್‌ಎ ಕಪ್‌ಗೆ.

2005ರಲ್ಲಿ ಇಂಗ್ಲೆಂಡ್ ಸರದಿ. ಇಸ್ತಾಂಬುಲ್‌ನಲ್ಲಿ ಮಿಲಾನ್ ಎದುರು 0-3ರಿಂದ ಮೇಲೆದ್ದು ಲಿವರ್‌ಪೂಲ್ ಕಪ್ ಗೆದ್ದ ಕಥೆ ನಿಮಗೆ ಗೊತ್ತು. ಲೀಗ್‌ನಲ್ಲಿ ಮಾತ್ರ ಅವರು 58 ಅಂಕ, 5ನೇ ಸ್ಥಾನ. ಅದೇ ಊರಿನ ಎವರ್ಟನ್ 61 ಅಂಕ, 4ನೇ ಸ್ಥಾನ. ಇಂಗ್ಲೆಂಡಿನ ಎಫ್‌ಎ ಮಾತ್ರ ಎವರ್ಟನ್ ಪರವಾಗಿಯೇ ನಿಂತಿತು. ಹಾಗಾದ್ರೆ ಹಾಲಿ ಚಾಂಪಿಯನ್ನರನ್ನೇ ಬಿಡೋದಾ? ಜೂನ್‌ನಲ್ಲಿ ಯುಇಎಫ್‌ಎ ವಿಶೇಷ ಅವಕಾಶ ಅಂತ 5ನೇ ಸೀಟು ಕೊಟ್ಟಿತು. ಆದರೆ ಮೊದಲ ಅರ್ಹತಾ ಸುತ್ತಿನಿಂದ ಆಡಿ ಬರಬೇಕು. ಯುರೋಪಿನ ರಾಜರು ಜುಲೈನಲ್ಲೇ ವೇಲ್ಸ್‌ನ ಟೋಟಲ್ ನೆಟ್‌ವರ್ಕ್ ಸೊಲ್ಯೂಷನ್ಸ್ ಅನ್ನೋ ಟೀಮಿನ ಎದುರು ಆಡಿದರು. ಎರಡೂ ಪಂದ್ಯ 3-0.

ಈ ಗೊಂದಲ ಮತ್ತೆ ಬೇಡ ಅಂತ ಯುಇಎಫ್‌ಎ ಹೊಸ ನಿಯಮ ಬರೆಯಿತು: ಕಪ್ ಗೆದ್ದವರಿಗೆ ಸೀಟು ಖಾತ್ರಿ, ಮಿತಿ ದಾಟಿದರೆ 4ನೇ ಸ್ಥಾನದವರು ಬಿಟ್ಟುಕೊಡಬೇಕು. 7 ವರ್ಷ ಆದ್ಮೇಲೆ ಅದು ನಮ್ಮಣ್ಣನ ಟೀಮಿನ ಕುತ್ತಿಗೆಗೆ ಬಂತು.

ನಾನು ಬಿ.ಕಾಂ ಓದಿದವನು. ಅಕೌಂಟ್ಸ್‌ನಲ್ಲಿ ಮೊದಲೇ ಕಲಿಸೋ ಪಾಠಗಳಲ್ಲಿ ಒಂದು: ಲೆಕ್ಕದ ಪದ್ಧತಿಯನ್ನ ವರ್ಷದಿಂದ ವರ್ಷಕ್ಕೆ ಮನಸ್ಸಿಗೆ ಬಂದ ಹಾಗೆ ಬದಲಾಯಿಸಬಾರದು. ಬದಲಾಯಿಸಿದರೆ ಎಲ್ಲರಿಗೂ ತಿಳಿಸಬೇಕು. ಆ ಕಣ್ಣಲ್ಲಿ ನೋಡಿದರೆ ನನಗೆ ಒಂದು ವಿಚಿತ್ರ ಕಾಣಿಸುತ್ತೆ. 2005ರಲ್ಲಿ ಯಾರಿಗೂ ಅನ್ಯಾಯ ಆಗಲಿಲ್ಲ ಅನ್ಸುತ್ತೆ, ಆದರೆ ಫಲಿತಾಂಶ ಬಂದ ಮೇಲೆ ನಿಯಮ ಬಗ್ಗಿಸಿದರು. 2012ರಲ್ಲಿ ಟಾಟೆನ್‌ಹ್ಯಾಮ್‌ಗೆ ಹೊಟ್ಟೆ ಉರಿಯೋ ಹಾಗಾಯ್ತು, ಆದರೆ ನಿಯಮ ಎಲ್ಲರಿಗೂ ಮೊದಲೇ ಗೊತ್ತಿತ್ತು. ಅಣ್ಣ ಅಷ್ಟು ಹೊತ್ತು ಕೈಮುಗಿದು ಕೂತಿದ್ದೇ ಅದಕ್ಕೆ ಸಾಕ್ಷಿ.

ನಿಯಮ ಮೊದಲೇ ಗೊತ್ತಿದ್ದರೆ ಸಾಕಾ? ಸಾಲದು. 2019ನ್ನೇ ನೋಡಿ. ಅಯಾಕ್ಸ್ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ಆಡಿತು, ನೆದರ್ಲೆಂಡ್ಸ್ ಲೀಗನ್ನೂ ಗೆದ್ದಿತು. ಆದರೂ ಮುಂದಿನ ವರ್ಷ ಅರ್ಹತಾ ಸುತ್ತಿನಲ್ಲಿ ಪಾವೊಕ್, ಅಪೊಯೆಲ್ ಎರಡನ್ನೂ ಸೋಲಿಸಿ ಬರಬೇಕಾಯ್ತು. ಅದೇ ಹೊತ್ತಿಗೆ ಇಂಗ್ಲೆಂಡ್, ಸ್ಪೇನ್, ಇಟಲಿ, ಜರ್ಮನಿಯ 4ನೇ ಸ್ಥಾನದವರಿಗೆ ನೇರ ಪ್ರವೇಶ. 2016ರಲ್ಲೇ ಪ್ರಕಟವಾದ ನಿಯಮ ಅದು. ಗುಟ್ಟೇನೂ ಇರಲಿಲ್ಲ. ಆದರೆ ಮೇಜಿನ ಸುತ್ತ ದೊಡ್ಡವರೇ ಕೂತು ಬರೆದ ನಿಯಮವನ್ನ ಚಿಕ್ಕವರಿಗೆ ಓದಿ ಹೇಳಿದ ಮಾತ್ರಕ್ಕೆ ಅದು ನ್ಯಾಯ ಆಗಲ್ಲ. ಇನ್ನೊಂದು ಕಡೆ, 2009ರಲ್ಲಿ ಮಿಷೆಲ್ ಪ್ಲಾಟಿನಿ ಅಧ್ಯಕ್ಷರಾಗಿದ್ದಾಗ ಸಣ್ಣ ದೇಶಗಳ ಚಾಂಪಿಯನ್ನರಿಗೆ ಬೇರೆಯದೇ ಅರ್ಹತಾ ದಾರಿ ಮಾಡಿಕೊಟ್ಟರು. ಅದೇ ದಾರಿಯಲ್ಲಿ ಬಂದ ಸೈಪ್ರಸ್‌ನ ಅಪೊಯೆಲ್ 2012ರಲ್ಲಿ ಕ್ವಾರ್ಟರ್ ಫೈನಲ್ ಆಡಿತು. ಇವತ್ತಿನ 36 ಟೀಮಿನ ಚಾಂಪಿಯನ್ಸ್ ಲೀಗ್‌ನಲ್ಲಿ ಆ ದಾರಿಗೆ ಉಳಿದಿರೋದು 5 ಸೀಟು.

ಈಗ ಕ್ಲೈಮ್ಯಾಕ್ಸ್. 2012ರ ಗಲಾಟೆ ಆದ್ಮೇಲೆ ನಿಯಮ ಮತ್ತೆ ಬದಲಾಯ್ತು. 2015ರಿಂದ ಯೂರೋಪಾ ಲೀಗ್ ಗೆದ್ದವರಿಗೂ ಚಾಂಪಿಯನ್ಸ್ ಲೀಗ್ ಸೀಟು. ಅದನ್ನ ಮೊದಲು ಬಳಸಿಕೊಂಡಿದ್ದು ಸ್ಪೇನ್‌ನಲ್ಲಿ 5ನೇ ಸ್ಥಾನಕ್ಕೆ ಬಂದಿದ್ದ ಸೆವಿಯ್ಯಾ. 2025ರ ಮೇ 21ರಂದು ಬಿಲ್ಬಾವೊದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ 1-0 ಗೆದ್ದಿದ್ದು ಯಾರು ಗೊತ್ತಾ? ಟಾಟೆನ್‌ಹ್ಯಾಮ್. ಪ್ರೀಮಿಯರ್ ಲೀಗ್‌ನಲ್ಲಿ ಅವರು 38 ಅಂಕ, 17ನೇ ಸ್ಥಾನ. ಇನ್ನೊಂದೇ ಮೆಟ್ಟಿಲು ಇಳಿದಿದ್ರೆ ಕೆಳಗಿನ ಡಿವಿಷನ್‌ಗೆ. ಆದರೂ ಅವರು ಚಾಂಪಿಯನ್ಸ್ ಲೀಗ್‌ಗೆ. 65 ಅಂಕ ತಗೊಂಡು 7ನೇ ಸ್ಥಾನಕ್ಕೆ ಬಂದ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಹೊರಗೆ.

69 ಅಂಕಕ್ಕೆ ಬಾಗಿಲು ಮುಚ್ಚಿತ್ತು, 38 ಅಂಕಕ್ಕೆ ತೆರೆಯಿತು. ಟೀಮ್ ಅದೇ.

ಬೆಳಗ್ಗೆ ಎದ್ದಾಗ ಅಣ್ಣನ ವಾಯ್ಸ್ ಮೆಸೇಜ್ ಬಂದಿತ್ತು. ಅವನಿಗೀಗ ಮದುವೆಯಾಗಿ ಮಗಳಿದ್ದಾಳೆ, ಹಿಂದೆ ಮಗು ಅಳೋ ಸದ್ದೂ ಕೇಳಿಸ್ತಿತ್ತು. "ಬಡ್ಡಿ ಸಮೇತ ವಾಪಸ್ ಬಂತು ಕಣೋ" ಅಂತ ನಕ್ಕ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರೆ ಫಾರೆಸ್ಟ್ ಹುಡುಗ್ರು ಪಾಪ ಅಲ್ವಾ" ಅಂದ.

ನನ್ನ ಅಭಿಪ್ರಾಯ ಹೇಳ್ಬಿಡ್ತೀನಿ. ಫಾರೆಸ್ಟ್‌ಗೆ ಬೇಸರ ಆಗಿರಬಹುದು, ಆದರೆ ಅವರ ಕೈಲಿದ್ದ ಸೀಟನ್ನ ಯಾರೂ ಕಿತ್ಕೊಳ್ಳಲಿಲ್ಲ. 7ನೇ ಸ್ಥಾನಕ್ಕೆ ಸೀಟು ಅಂತ ಯಾರೂ ಮಾತು ಕೊಟ್ಟಿರಲಿಲ್ಲ. 2012ರಲ್ಲಿ ಟಾಟೆನ್‌ಹ್ಯಾಮ್‌ಗೆ ಆಗಿದ್ದು ಬೇರೆ: ಚೆಲ್ಸಿಯ ಬಹುಮಾನಕ್ಕೆ ಬಿಲ್ ಕಟ್ಟಿದ್ದು ಆಡದೇ ಇದ್ದ ಇನ್ನೊಂದು ಟೀಮು. ಹಾಗಾಗಿ ಯಾವುದೇ ಅರ್ಹತಾ ನಿಯಮ ನೋಡಿದಾಗ ನಾನು ಕೇಳೋದು ಮೂರು ಪ್ರಶ್ನೆ. ಮೊದಲೇ ತಿಳಿಸಿದ್ರಾ? ಬರೆಯುವಾಗ ಚಿಕ್ಕವರನ್ನೂ ಕೂರಿಸ್ಕೊಂಡಿದ್ರಾ? ಒಬ್ಬರಿಗೆ ಕೊಟ್ಟಿದ್ದರ ಬಿಲ್ ಯಾರು ಕಟ್ತಿದಾರೆ?

ಹೊಸ ಮಾದರಿ ಮೂರನೇ ಪ್ರಶ್ನೆಯಲ್ಲಿ ಪಾಸ್ ಆಗಿದೆ ಅಂತ ನನಗನ್ನಿಸುತ್ತೆ. ಎರಡನೆಯದರಲ್ಲಿ ಇನ್ನೂ ಇಲ್ಲ. ನಿಮಗೇನು ಅನ್ನಿಸುತ್ತೆ, ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.