ಆಮೆ ಎಳೆದ ಗೆರೆ: ಲೋಗೋ ಭಾಷೆ ಮತ್ತು ಶಾಲಾ ಮಕ್ಕಳ ರೇಖಾಚಿತ್ರಗಳು

ಲೋಗೋ ಎಂಬ ಕಂಪ್ಯೂಟರ್ ಭಾಷೆ ಕಲಿತವರಿಗೆ ಮೊದಲು ನೆನಪಾಗುವುದು ಕಂಪ್ಯೂಟರ್ ಪರದೆಯ ನಡುವೆ ಮುಖ ಮೇಲೆತ್ತಿ ನಿಂತ ಪುಟ್ಟ ತ್ರಿಕೋನ. ಅದಕ್ಕೆ ಆಮೆ ಎಂದು ಹೆಸರು. 'ಫಾರ್ವರ್ಡ್ 100' ಎಂದರೆ ನೂರು ಹೆಜ್ಜೆ ಮುಂದೆ ಹೋಗುತ್ತದೆ. 'ರೈಟ್ 90' ಎಂದರೆ ನಿಂತಲ್ಲೇ ಬಲಕ್ಕೆ ತಿರುಗುತ್ತದೆ. ಹೋದ ದಾರಿಯುದ್ದಕ್ಕೂ ಗೆರೆ ಮೂಡುತ್ತದೆ. ಈ ಆಮೆಯೇ ಲೋಗೋ ಎಂದು ತಿಳಿದವರಿಗೆ ಆ ಭಾಷೆಯ ಮೊದಲ ವರ್ಷಗಳ ಕಥೆ ಅಚ್ಚರಿ ತರುತ್ತದೆ. 1967ರಲ್ಲಿ ಹುಟ್ಟಿದಾಗ ಲೋಗೋಗೆ ಆಮೆ ಇರಲಿಲ್ಲ, ಗೆರೆ ಎಳೆಯಲೂ ಬರುತ್ತಿರಲಿಲ್ಲ.

ಚಿತ್ರ ಆ ಭಾಷೆಯೊಳಗೆ ಎಲ್ಲಿಂದ ಬಂತು, ಬಂದು ಏನು ಮಾಡಿತು, ಪಠ್ಯಪುಸ್ತಕ ಸೇರಿದ ಮೇಲೆ ಅದಕ್ಕೆ ಏನಾಯಿತು ಎಂಬುದು ಇಲ್ಲಿನ ವಿಚಾರ. ಪ್ರೋಗ್ರಾಮಿಂಗ್ ಎಂಬ ಕಹಿ ಗುಳಿಗೆಗೆ ಸವರಿದ ಬೆಲ್ಲವೆಂದೇ ಚಿತ್ರವನ್ನು ಬಹಳ ಮಂದಿ ಭಾವಿಸಿದ್ದಾರೆ. ಮೂಲ ಬರಹಗಳನ್ನು ಓದಿದರೆ ಬೇರೆಯೇ ಕಾಣುತ್ತದೆ. ಮಗು ಮಾಡಿದ ತಪ್ಪನ್ನು ಮಗುವಿನ ಕಣ್ಣೆದುರಿಗೇ ತಂದು ನಿಲ್ಲಿಸಿದ್ದು ಚಿತ್ರ. ಅದರ ಮುಖ್ಯ ಕೆಲಸವೇ ಅದಾಗಿತ್ತೆಂದು ನನ್ನ ವಾದ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್‌ನಲ್ಲಿದ್ದ ಬೋಲ್ಟ್ ಬೆರಾನೆಕ್ ಅಂಡ್ ನ್ಯೂಮನ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ ವಾಲೆಸ್ ಫ್ಯೂರ್ಝೈಗ್, ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್ ಮತ್ತು ಡ್ಯಾನಿಯಲ್ ಬಾಬ್ರೋ ಈ ಭಾಷೆಯನ್ನು ರೂಪಿಸಿದರು. 'ಮಾತು' ಎಂಬರ್ಥದ ಗ್ರೀಕ್ ಪದದಿಂದ ಹೆಸರು ಆಯ್ದವರು ಫ್ಯೂರ್ಝೈಗ್. ಅಂಕಿಗಳ ಲೆಕ್ಕಕ್ಕೆಂದೇ ಇದ್ದ ಅಂದಿನ ಭಾಷೆಗಳಿಗೆ ಎದುರಾಗಿ, ಪದಗಳನ್ನೂ ವಾಕ್ಯಗಳನ್ನೂ ಕೂಡಿಸಿ ಕಳೆಯುವ ಭಾಷೆ ಇದು. 1968–69ರಲ್ಲಿ ಲೆಕ್ಸಿಂಗ್ಟನ್ ಊರಿನ ಮಝಿ ಜೂನಿಯರ್ ಹೈಸ್ಕೂಲಿನ ಏಳನೇ ತರಗತಿಯ ಮಕ್ಕಳು ಇಡೀ ವರ್ಷ ಇದನ್ನು ಕಲಿತರು. ಅವರ ಮುಂದೆ ಪರದೆ ಇರಲಿಲ್ಲ. ದೂರದ ಕಂಪ್ಯೂಟರಿಗೆ ಜೋಡಿಸಿದ, ಕಾಗದದ ಮೇಲೆ ಟಕಟಕನೆ ಅಚ್ಚೊತ್ತುವ ಟೆಲಿಟೈಪ್ ಯಂತ್ರವಿತ್ತು. ಪದಗಳನ್ನು ತಿರುಚಿ ಗುಟ್ಟಿನ ಭಾಷೆ ಮಾಡುವುದು, ಯಂತ್ರದಿಂದ ವಾಕ್ಯ ಕಟ್ಟಿಸುವುದು, ಕಡ್ಡಿ ಎತ್ತುವ ಆಟ ಆಡಿಸುವುದು ಅವರ ಕೆಲಸವಾಗಿತ್ತು.

ಅದೇ ಶಾಲೆಯಲ್ಲಿ ಪ್ಯಾಪರ್ಟ್ ಕಂಡ ಒಂದು ನೋಟವನ್ನು ಅವರು 1991ರ ಒಂದು ಪ್ರಬಂಧದಲ್ಲಿ ನೆನೆದಿದ್ದಾರೆ. ಗಣಿತದ ತರಗತಿಗೆ ಹೋಗುವ ದಾರಿಯಲ್ಲಿ ಚಿತ್ರಕಲೆಯ ಕೋಣೆ. ಅಲ್ಲಿ ಮಕ್ಕಳು ಸೋಪಿನ ಬಿಲ್ಲೆಗಳನ್ನು ಕೆತ್ತಿ ಆಕೃತಿ ಮಾಡುತ್ತಿದ್ದರು. ಒಂದೇ ಬಿಲ್ಲೆಯ ಮೇಲೆ ಎಷ್ಟೋ ವಾರ ಕೆಲಸ. ಯೋಚಿಸಲು, ಸುಮ್ಮನೆ ಕನಸು ಕಾಣಲು, ಪಕ್ಕದವರದ್ದನ್ನು ನೋಡಿ ಬೆರಗಾಗಲು ಅಲ್ಲಿ ಬಿಡುವಿತ್ತು. ಗಣಿತದಲ್ಲೋ, ಲೆಕ್ಕ ಕೊಡುತ್ತಾರೆ, ಬಿಡಿಸಬೇಕು, ಬರದಿದ್ದರೆ ಬಿಟ್ಟು ಮುಂದಿನದಕ್ಕೆ ಹೋಗಬೇಕು. ಸೋಪು ಕೆತ್ತಿದಂತೆ ಗಣಿತ ಮಾಡಲು ಬರುವುದಿಲ್ಲವೇ ಎಂಬ ಪ್ರಶ್ನೆ ತಮ್ಮನ್ನು ವರ್ಷಗಟ್ಟಲೆ ಬಿಡಲಿಲ್ಲವೆಂದು ಅವರು ಬರೆಯುತ್ತಾರೆ. ಲೋಗೋದ ಚರಿತ್ರೆಯಲ್ಲಿ ಯಂತ್ರಗಳಿಗೆ ಸಿಕ್ಕಷ್ಟು ಜಾಗ ಈ ಸೋಪಿನ ಬಿಲ್ಲೆಗೆ ಸಿಕ್ಕಿಲ್ಲ.

ಪ್ಯಾಪರ್ಟ್ ಹುಟ್ಟಿದ್ದು 1928ರಲ್ಲಿ, ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿ. ಗಣಿತದಲ್ಲಿ ಎರಡು ಡಾಕ್ಟರೇಟ್ ಪಡೆದವರು. 1958ರಿಂದ 1963ರವರೆಗೆ ಜಿನೀವಾದಲ್ಲಿ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಜೊತೆಗಿದ್ದು, ನಂತರ ಎಂಐಟಿಗೆ (ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆ) ಬಂದರು. ಹೇಳಿಕೊಟ್ಟದ್ದನ್ನು ತುಂಬಿಕೊಳ್ಳುವ ಪಾತ್ರೆಯಲ್ಲ ಮಗು, ತಾನೇ ತಿಳಿವಳಿಕೆ ಕಟ್ಟಿಕೊಳ್ಳುತ್ತದೆ ಎಂಬುದು ಪಿಯಾಜೆ ಮತ. ಕಟ್ಟಲು ಕೈಗೆ ಏನಾದರೂ ಬೇಕಲ್ಲ ಎಂಬುದು ಪ್ಯಾಪರ್ಟ್ ಅದಕ್ಕೆ ಸೇರಿಸಿದ ಮಾತು.

ಆ 'ಏನಾದರೂ' ಆಮೆಯಾಗಿ ಬಂತು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ನರವಿಜ್ಞಾನಿ ಗ್ರೇ ವಾಲ್ಟರ್ 1948–49ರ ಹೊತ್ತಿಗೆ ಎಲ್ಮರ್, ಎಲ್ಸಿ ಎಂಬ ಎರಡು ಪುಟ್ಟ ಯಂತ್ರಗಳನ್ನು ಮಾಡಿದ್ದರು. ಚಿಪ್ಪಿನಂಥ ಹೊದಿಕೆ ಹೊತ್ತು, ಬೆಳಕು ಕಂಡಲ್ಲಿಗೆ ತೆವಳುತ್ತ ಹೋಗುವ ಅವುಗಳನ್ನು ಅವರು ಆಮೆಗಳೆಂದೇ ಕರೆದರು. ಆ ಹೆಸರು ಕಡಲು ದಾಟಿತು. 1970ರ ಹೊತ್ತಿಗೆ ಎಂಐಟಿಯಲ್ಲಿ ನೆಲದ ಮೇಲೆ ಓಡಾಡುವ ಲೋಗೋ ಆಮೆ ಸಿದ್ಧವಾಯಿತು: ಚಕ್ರ, ಗುಮ್ಮಟದ ಹೊದಿಕೆ, ಬಾಲದಂತೆ ಎಳೆದುಕೊಂಡು ಹೋಗುವ ಕೇಬಲ್, ಹೊಟ್ಟೆಯಡಿ ಒಂದು ಪೆನ್ನು. ಪೆನ್ನು ಇಳಿಸಿದರೆ ಹಾಸಿದ ಕಾಗದದ ಮೇಲೆ ಗೆರೆ; ಎತ್ತಿದರೆ ಬರಿಯ ನಡಿಗೆ. ಪರದೆಯ ಆಮೆಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬಂತು. ಓದು ಬರಹ ಬಾರದ ಪುಟಾಣಿಗಳೂ ಆಮೆ ಆಡಿಸಲೆಂದು ಗುಂಡಿ ಒತ್ತುವ ಪೆಟ್ಟಿಗೆಯೊಂದನ್ನು 1970ರ ದಶಕದ ನಡುವಿನಲ್ಲಿ ರೇಡಿಯಾ ಪರ್ಲ್‌ಮನ್ ಎಂಬ ವಿದ್ಯಾರ್ಥಿನಿ ಮಾಡಿದರು. ಮುಂದೆ ಕಂಪ್ಯೂಟರ್ ಜಾಲಗಳ ತಂತ್ರಜ್ಞಾನದಲ್ಲಿ ದೊಡ್ಡ ಹೆಸರಾದವರು ಅವರೇ.

ಇನ್ನು ಗಣಿತಕ್ಕೆ ಬರೋಣ. ಇಡೀ ಕಥೆಯ ತಿರುಳು ಇರುವುದು ಇಲ್ಲೇ. ಯೂಕ್ಲಿಡ್‌ನ ಬಿಂದುವಿಗೆ ಜಾಗ ಮಾತ್ರ ಉಂಟು. ಆಮೆಗೆ ಜಾಗದ ಜೊತೆ ಮುಖವೂ ಉಂಟು. ಅದು ಯಾವುದೋ ಒಂದು ದಿಕ್ಕಿಗೆ ನೋಡುತ್ತಿರುತ್ತದೆ. ನಾವೂ ಹಾಗೆಯೇ. ಆದ್ದರಿಂದ ಮಗುವಿಗೆ ವೃತ್ತ ಬಿಡಿಸಲು ತಿಳಿಯದಿದ್ದರೆ ಸೂತ್ರ ಹೇಳಬೇಕಿಲ್ಲ, 'ನೀನೇ ಆಮೆಯಾಗಿ ನಡೆದು ನೋಡು' ಎಂದರೆ ಸಾಕು. ಒಂದಿಷ್ಟು ಮುಂದೆ, ಒಂದಿಷ್ಟು ತಿರುಗು, ಮತ್ತೆ ಒಂದಿಷ್ಟು ಮುಂದೆ. 'ರಿಪೀಟ್ 360' ಎಂದು ಹೇಳಿ, ಒಂದು ಹೆಜ್ಜೆ ಒಂದು ಡಿಗ್ರಿ ಕೊಟ್ಟರೆ ಪರದೆಯ ಮೇಲೆ ವೃತ್ತ. ಕೈವಾರದ ಮೊನೆ ನೆಡುವ ಕೇಂದ್ರದ ಮಾತೇ ಇಲ್ಲಿಲ್ಲ. ಬಾವಿಯ ಸುತ್ತ ನಡೆಯುವವನಿಗೆ ಬಾವಿಯ ನಡುಬಿಂದು ಗೊತ್ತಿರಬೇಕೇನು?

ತ್ರಿಭುಜ ಬಿಡಿಸುವಾಗ ನಿಜವಾದ ಪಾಠ ಆರಂಭವಾಗುತ್ತದೆ. ಸಮಬಾಹು ತ್ರಿಭುಜದ ಕೋನ 60 ಡಿಗ್ರಿ ಎಂದು ಬಾಯಿಪಾಠ ಮಾಡಿದ ಹುಡುಗ, ಮುಂದೆ 100, ಬಲಕ್ಕೆ 60, ಹೀಗೆ ಮೂರು ಸಲ ಎಂದು ಬರೆಯುತ್ತಾನೆ. ತ್ರಿಭುಜದ ಬದಲು ಬಾಯಿ ತೆರೆದ ಬೋಗುಣಿಯಂಥದೊಂದು ಮೂಡುತ್ತದೆ: ಷಡ್ಭುಜದ ಅರ್ಧ. ಕಂಪ್ಯೂಟರ್ 'ತಪ್ಪು' ಎಂದು ಗದರುವುದಿಲ್ಲ, ಕೆಂಪು ಶಾಯಿಯೂ ಇಲ್ಲ. ಹೇಳಿದ್ದನ್ನು ಮಾಡಿ ಸುಮ್ಮನೆ ನಿಂತಿದೆ. ನಡೆದು ನೋಡಿದ ಮೇಲೆ ತಿಳಿಯುತ್ತದೆ, ಮೂಲೆಯಲ್ಲಿ ಆಮೆ ತಿರುಗಬೇಕಾದದ್ದು ಒಳಕೋನದಷ್ಟಲ್ಲ, ಹೊರಕೋನದಷ್ಟು: 120. ಮನೆಯ ಚಿತ್ರದ್ದೂ ಇದೇ ಪಾಡು. ಚೌಕ ಬಿಡಿಸಲು ಕಲಿಸಿದ್ದಾಗಿದೆ, ತ್ರಿಭುಜವೂ ಬರುತ್ತದೆ. ಎರಡನ್ನೂ ಒಂದರ ಹಿಂದೊಂದು ಹೇಳಿದರೆ ಮನೆ ಆಗಬೇಕು. ಆದರೆ ಚಾವಣಿ ಗೋಡೆಯ ಮೇಲೆ ಕೂರದೆ ಮನೆಯೊಳಗೇ ಬಿದ್ದಿರುತ್ತದೆ. ಚೌಕ ಮುಗಿಸಿದ ಆಮೆ ಎಲ್ಲಿತ್ತು, ಯಾವ ಕಡೆ ಮುಖ ಮಾಡಿತ್ತು ಎಂದು ಆಗ ಮಗು ಹಿಂದಿರುಗಿ ಯೋಚಿಸುತ್ತದೆ. ಪ್ರೋಗ್ರಾಮರುಗಳು ದಿನನಿತ್ಯ ಮಾಡುವ 'ಡಿಬಗ್ಗಿಂಗ್' ಇದೇ. ಪ್ಯಾಪರ್ಟ್ 1980ರ 'ಮೈಂಡ್‌ಸ್ಟಾರ್ಮ್ಸ್' ಪುಸ್ತಕದಲ್ಲಿ ಈ ಉದಾಹರಣೆಯನ್ನು ಸಾವಧಾನವಾಗಿ ಬೆಳೆಸುತ್ತಾರೆ.

ಹೊರಟ ಜಾಗಕ್ಕೇ ಬಂದು ಹೊರಟ ದಿಕ್ಕಿಗೇ ಮುಖ ಮಾಡಿ ನಿಂತ ಆಮೆ, ಒಟ್ಟು ತಿರುಗಿದ್ದು 360ರ ಯಾವುದೋ ಒಂದು ಮಡಿಯಷ್ಟೇ ಆಗಿರಬೇಕು. ಪಂಚಭುಜದಲ್ಲಿ 72ರಂತೆ ಐದು ತಿರುವು, ಒಟ್ಟು 360. 72ರ ಬದಲು 144 ಕೊಟ್ಟರೆ? ಆಗಲೂ ಐದೇ ತಿರುವು, ಒಟ್ಟು 720. ಮೂಡುವುದು ಐದು ಮೂಲೆಯ ನಕ್ಷತ್ರ. 135 ಕೊಟ್ಟರೆ ಎಂಟು ಮೂಲೆ. ಎಷ್ಟು ಮೂಲೆ ಎಂದು ಮೊದಲೇ ಹೇಳಬೇಕಾದರೆ ಕೋನ ಮತ್ತು 360ರ ಮ.ಸಾ.ಅ. ತೆಗೆದು, ಅದರಿಂದ 360ನ್ನು ಭಾಗಿಸಬೇಕು. ಏತಕ್ಕೆ ಬೇಕೆಂದು ತಿಳಿಯದೆಯೇ ನಾವೆಲ್ಲ ತೆಗೆದ ಆ ಮ.ಸಾ.ಅ.ಕ್ಕೆ ಇಲ್ಲೊಂದು ರೂಪ ಬಂತು. ಪ್ರತಿ ಹೆಜ್ಜೆಗೂ ಗೆರೆ ತುಸು ಉದ್ದವಾಗಲಿ ಎಂದರೆ ಸುರುಳಿ. ಅದರಲ್ಲಿ 90ರ ಬದಲು 91 ಇಟ್ಟರೆ ಚೌಕದ ಸುರುಳಿ ನಿಧಾನವಾಗಿ ತಿರುಚಿಕೊಳ್ಳುತ್ತ ಅರಳುತ್ತದೆ. ಇಲ್ಲಿಂದ ಹೊರಟು ಬಾಗಿದ ಅವಕಾಶದ ಜ್ಯಾಮಿತಿಯವರೆಗೂ ಹೋಗಬಹುದೆಂದು ಹೆರಾಲ್ಡ್ ಏಬಲ್ಸನ್ ಮತ್ತು ಆಂಡ್ರಿಯಾ ಡಿಸೆಸ್ಸಾ ತಮ್ಮ 'ಟರ್ಟಲ್ ಜಿಯೋಮೆಟ್ರಿ' ಗ್ರಂಥದಲ್ಲಿ ತೋರಿಸಿದರು. ಅದರ ಕೊನೆಯ ಅಧ್ಯಾಯಗಳನ್ನು ಶಾಲೆಯ ಗಣಿತ ಎನ್ನುವಂತಿಲ್ಲ. ಸಾಪೇಕ್ಷತಾ ಸಿದ್ಧಾಂತವೂ ಅಲ್ಲಿದೆ.

1977–78ರಲ್ಲಿ ಎಂಐಟಿ ತಂಡದವರು ಮ್ಯಾಸಚೂಸೆಟ್ಸ್‌ನ ಬ್ರುಕ್‌ಲೈನ್‌ನಲ್ಲಿ ಆರನೇ ತರಗತಿಯ 16 ಮಕ್ಕಳ ಲೋಗೋ ಕಲಿಕೆಯನ್ನು ಹತ್ತಿರದಿಂದ ಗಮನಿಸಿ ದಾಖಲಿಸಿದರು. 'ಮೈಂಡ್‌ಸ್ಟಾರ್ಮ್ಸ್' ಹೇಳುವ ಒಬ್ಬ ಹುಡುಗಿಯ ಸಂಗತಿ ನನಗೆ ಎಲ್ಲಕ್ಕಿಂತ ಇಷ್ಟ. ಓದಿನಲ್ಲಿ ಹಿಂದೆ, ಅಳುಕು ಹೆಚ್ಚು. ಯಾವ ಕೋನವನ್ನಾದರೂ ಕೊಡಬಹುದೆಂಬ ಸ್ವಾತಂತ್ರ್ಯವೇ ಆಕೆಗೆ ಹೆದರಿಕೆ ತಂದಿತ್ತು. ಒಂದು ದಿನ ತಾನೇ ಕಟ್ಟಳೆ ಹಾಕಿಕೊಂಡಳು: ತಿರುಗುವುದು ಬಲಕ್ಕೆ, ಅದೂ 30 ಡಿಗ್ರಿ ಮಾತ್ರ. 90 ಬೇಕಾದರೆ ಮೂರು ಸಲ. ಎಡಕ್ಕೆ 30 ಬೇಕಾದರೆ ಹನ್ನೊಂದು ಸಲ ಬಲಕ್ಕೆ. ಆ ಕಟ್ಟಳೆಯೊಳಗೇ ಎಷ್ಟೆಲ್ಲ ಮಾಡಬಹುದೆಂದು ಆಕೆ ಕಂಡುಕೊಂಡಳು. ಛಂದಸ್ಸಿನೊಳಗೆ ಬರೆಯುವ ಕವಿಗೆ ಈ ಹುಡುಗಿಯ ಉಪಾಯ ಬೇಗ ಅರ್ಥವಾಗುತ್ತದೆ.

ಆಮೇಲೆ ಬಂದದ್ದು ಮೈಕ್ರೊಕಂಪ್ಯೂಟರುಗಳ ಕಾಲ. 1980ರ ದಶಕದ ಮೊದಲಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್, ಆಪಲ್ ಯಂತ್ರಗಳಿಗೆಲ್ಲ ಲೋಗೋ ಬಂತು, ಶಾಲೆಗಳು ಮುಗಿಬಿದ್ದವು. ಹಿಂದೆಯೇ ಟೀಕೆಯೂ ಬಂತು. ನ್ಯೂಯಾರ್ಕಿನ ಬ್ಯಾಂಕ್ ಸ್ಟ್ರೀಟ್ ಕಾಲೇಜಿನ ರಾಯ್ ಪೀ ಮತ್ತು ಮಿಡಿಯನ್ ಕರ್ಲೆಂಡ್ 1984ರ ಹೊತ್ತಿಗೆ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ವರ್ಷವಿಡೀ ಲೋಗೋ ಕಲಿತ ಮಕ್ಕಳಿಗೆ ತರಗತಿಯ ಕೆಲಸಗಳನ್ನು ಯೋಜಿಸುವ ಪರೀಕ್ಷೆ ಕೊಟ್ಟಾಗ, ಕಲಿಯದವರಿಗಿಂತ ಅವರು ಮೇಲಾಗಿರಲಿಲ್ಲ. ಮರದಿಂದ ಒಳ್ಳೆಯ ಮನೆ ಆಗುತ್ತದೆಯೇ ಎಂದು ಕೇಳುವುದೂ ಲೋಗೋದಿಂದ ಬುದ್ಧಿ ಬರುತ್ತದೆಯೇ ಎಂದು ಕೇಳುವುದೂ ಒಂದೇ, ಬಡಗಿ ಯಾರೆಂದೂ ನೋಡಬೇಡವೇ ಎಂಬರ್ಥದಲ್ಲಿ ಪ್ಯಾಪರ್ಟ್ 1987ರಲ್ಲಿ ಉತ್ತರಿಸಿದರು. ಉತ್ತರ ಚುರುಕಾಗಿದೆ, ಪೂರ್ತಿ ಸಮಾಧಾನ ತರುವುದಿಲ್ಲ. ಅದೇ ಸಂಶೋಧಕರು ಇನ್ನೊಂದನ್ನೂ ಗಮನಿಸಿದ್ದರು: ತನ್ನನ್ನೇ ಕರೆದುಕೊಳ್ಳುವ ಪ್ರೋಗ್ರಾಮನ್ನು ಮಕ್ಕಳು ಬರಿಯ ಪುನರಾವರ್ತನೆ ಎಂದು ತಿಳಿದಿದ್ದರು. ಅಂದರೆ ತಿಳಿವಳಿಕೆ ತಪ್ಪಿದ್ದರೂ ಚಿತ್ರ ಸರಿಯಾಗಿ ಮೂಡಬಹುದು. ಚಿತ್ರ ತಪ್ಪನ್ನು ತೋರಿಸುತ್ತದೆ ಎಂಬ ನನ್ನ ವಾದಕ್ಕೂ ಇಲ್ಲೊಂದು ಗಡಿ ಇದೆ. ಎಲ್ಲ ತಪ್ಪನ್ನೂ ಅದು ತೋರಿಸುವುದಿಲ್ಲ. ಹಾಗೆಂದು ಫಲವೇ ಇಲ್ಲವೆಂದಲ್ಲ: ಡಗ್ಲಸ್ ಕ್ಲೆಮೆಂಟ್ಸ್ ಮತ್ತು ಮೈಕೆಲ್ ಬಟಿಸ್ಟಾ ರೂಪಿಸಿದ ಲೋಗೋ ಜ್ಯಾಮಿತಿಯ ಪಾಠಗಳು ಮಕ್ಕಳ ರೇಖಾಗಣಿತವನ್ನು ಬಲಪಡಿಸಿದ್ದು 2001ರ ಅವರ ವರದಿಯಲ್ಲಿದೆ.

2007ರಲ್ಲಿ ಸ್ಕ್ರ್ಯಾಚ್ ಎಂಬ ಮಕ್ಕಳ ಪ್ರೋಗ್ರಾಮಿಂಗ್ ಭಾಷೆ ಬಂತು. ಆಮೆಯ ಜಾಗದಲ್ಲಿ ಬೆಕ್ಕು ನಿಂತಿತು, ಆಟ ಮತ್ತು ಕಥೆ ಮುಂದೆ ಬಂದವು. 2019ರ ಮೂರನೇ ಆವೃತ್ತಿಯಲ್ಲಿ ಪೆನ್ನಿನ ಆದೇಶಗಳನ್ನು ಮುಖ್ಯ ಪಟ್ಟಿಯಿಂದ ತೆಗೆದು, ಬೇಕಾದವರು ಸೇರಿಸಿಕೊಳ್ಳುವ ಹೆಚ್ಚುವರಿ ಸಾಮಗ್ರಿಗಳ ಸಾಲಿಗೆ ಹಾಕಿದರು.

ನಮ್ಮ ಕಡೆಯ ಮಾತು. ಕರ್ನಾಟಕದ ಎಷ್ಟೋ ಖಾಸಗಿ ಶಾಲೆಗಳ ಕಂಪ್ಯೂಟರ್ ಪುಸ್ತಕಗಳಲ್ಲಿ ಲೋಗೋ ವರ್ಷಗಳಿಂದ ಇದೆ. ವಿಂಡೋಸ್‌ನಲ್ಲಿ ಓಡುವ ಉಚಿತ ಆವೃತ್ತಿಯೇ ಹೆಚ್ಚು ಬಳಕೆ. ಅಂಥ ಒಂದು ಪುಸ್ತಕದ ಅಭ್ಯಾಸ ನನ್ನ ಕೈಗೆ ಸಿಕ್ಕಿತ್ತು. ಬಿಟ್ಟ ಸ್ಥಳ ತುಂಬಿ: ಎಫ್‌ಡಿ ಎಂದರೆ ಏನು? ಆರ್‌ಟಿ ಎಂದರೆ ಏನು? ಪೂರ್ಣ ರೂಪ ಬರೆಯಿರಿ. ಉತ್ತರಪತ್ರಿಕೆಯಲ್ಲಿ ಚೌಕಕ್ಕೆ ನಾಲ್ಕು ಸಾಲು ಬರೆದರೆ ಪೂರ್ತಿ ಅಂಕ. ಆಮೆಯನ್ನು ಕಾಣದೆಯೇ, ಒಂದು ಸುತ್ತೂ ತಿರುಗದೆಯೇ ಮಗು ಪಾಸಾಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಧ್ಯಮ ಹಂತದಿಂದ ಕೋಡಿಂಗ್ ಚಟುವಟಿಕೆ ಇರಲಿ ಎನ್ನುತ್ತದೆ. 'ಚಟುವಟಿಕೆ' ಎಂಬ ಪದ ಅಲ್ಲಿ ಇದೆಯಷ್ಟೆ.

ಆಮೆಗೂ ದಕ್ಷಿಣ ಭಾರತದ ಅಂಗಳಕ್ಕೂ ನಿಜವಾದ ಸಂಬಂಧವೊಂದಿದೆ, ಅದು ಬಂದದ್ದು ಶಾಲೆಯ ದಾರಿಯಲ್ಲಲ್ಲ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ, ಅವರೊಡನೆ ಕಮಲಾ ಕೃತಿವಾಸನ್, 1974ರಲ್ಲಿ ತಮಿಳು ಹೆಂಗಸರ ರಂಗೋಲಿಯಾದ ಕೋಲಂ ಚಿತ್ರಗಳಿಗೆ ಕಂಪ್ಯೂಟರ್ ವಿಜ್ಞಾನದ ವ್ಯಾಕರಣ ಬರೆದರು. 1980ರ ದಶಕದಲ್ಲಿ ಕಂಪ್ಯೂಟರ್ ವಿಜ್ಞಾನಿ ಪ್ಸೆಮಿಸ್ವಾವ್ ಪ್ರುಸಿನ್‌ಕೆವಿಚ್, ಗಿಡಗಳ ಬೆಳವಣಿಗೆಗೆಂದು ಜೀವವಿಜ್ಞಾನಿ ಲಿಂಡನ್‌ಮಾಯರ್ 1968ರಲ್ಲಿ ರೂಪಿಸಿದ್ದ ಸೂತ್ರಗಳನ್ನು ಲೋಗೋ ಆಮೆಯ ಆದೇಶಗಳಾಗಿ ಓದಿದರು. ಹಾಗೆ ಅವರು ಬಿಡಿಸಿದ ಚಿತ್ರಗಳಲ್ಲಿ 'ಕೃಷ್ಣನ ಕಾಲ್ಗೆಜ್ಜೆ' ಎಂಬ ಕೋಲವೂ ಒಂದು. ಒಂದೇ ಒಂದು ಬದಲಿ ಸೂತ್ರ, 45 ಡಿಗ್ರಿಯ ತಿರುವು. ಮತ್ತೆ ಮತ್ತೆ ಹಾಕುತ್ತ ಹೋದರೆ ಎಳೆ ಎಲ್ಲೂ ತುಂಡಾಗದೆ ಹೊರಟಲ್ಲಿಗೇ ಬಂದು ಸೇರುತ್ತದೆ.

ಆದರೆ ಆ ಆಮೆಗೆ ಚುಕ್ಕಿ ಕಾಣದು. ನಮ್ಮ ಮನೆಗಳ ರಂಗೋಲಿಯಲ್ಲಿ ಚುಕ್ಕಿ ಮೊದಲು, ಎಳೆ ಆಮೇಲೆ. 15ರಿಂದ 8ಕ್ಕೆ ಎಂದು ಲೆಕ್ಕ ಹಿಡಿದು ಚುಕ್ಕಿ ಇಟ್ಟು ಮುಗಿಸಿದ ಮೇಲೆಯೇ ಕೈ ತಿರುಗಲು ಹೊರಡುವುದು. ಚುಕ್ಕಿ ಇಡುವಾಗ ಇಡೀ ಅಂಗಳವನ್ನು ಮೇಲಿನಿಂದ ನೋಡುವ ಕಣ್ಣು ಬೇಕು. ಎಳೆ ಬಿಡುವಾಗ ಆಮೆಯಂತೆ ಮುಂದಿನ ತಿರುವನ್ನಷ್ಟೇ ನೋಡುವ ಕೈ. ತಪ್ಪಿದ ಎಳೆಯನ್ನು ಅಂಗೈಯಿಂದ ಒರೆಸಿ, ಚುಕ್ಕಿಯನ್ನು ಹಾಗೇ ಉಳಿಸಿಕೊಂಡು, ತಪ್ಪಿದ ತಿರುವಿನಿಂದ ಮತ್ತೆ ಹೊರಡುತ್ತಾರೆ.